ಗೌರಿ ಹೊಟ್ಟೆಗೆ ಬಂದ ಒಕ್ಕಲು

ಕಾಲು ಚಾಚಿ ಕುಂತ್ಕಳ್ರಿ, ನಮ್ಮ ಹಸ ಗೌರಿಗೆ ಆದದ್ದು ಹೇಳ್ತೀನಿ. ಮದುವೆ ಮನೇಲಿ ಮಿಕ್ಕ ಅನ್ನ ಹೊಟ್ಟೆಬಿರಿಯ ತಿಂದು ಮೆಲುಕು ಹಾಕೋದನ್ನೇ ಬುಟ್ಬುಡ್ತು. ಅದರ ಹಾಲಿನಿಂದಲೇ ನಮ್ಮನೆ ಒಲೆ ಉರೀತಿದ್ದದ್ದು.

ನಮ್ಮೂರ ದನದ ಡಾಕ್ಟ್ರು ಅದರ ಹೊಟ್ಟೆ ರಸ ಒಂದು ತೊಟ್ಟು ತೆಗೆದು ಮೈಕ್ರೋಸ್ಕೋಪಲ್ಲಿ ನೋಡಿದ್ರು.

"ಮೇವು ಅರಗಿಸೋಕೆ ಒಳಗೆ ಪ್ರೋಟೋಜೋವ ಅನ್ನೋ ಸಣ್ಣ ಜೀವ ಇರ್ತವೆ ಅಜ್ಜಿ. ತಿಂದ ಅನ್ನ ಹುಳಿಯಾಗಿ ಇದರ ಹೊಟ್ಟೆ ಹಾಳೂರಾಗೈತೆ, ಒಂದೂ ಉಳಿದಿಲ್ಲ. ಕುರಿ ಹೊಟ್ಟೇಲೂ ಅವು ಇರ್ತವೆ, ಸಿರಾಕ್ಕೆ ಹೋಗಿ ಈಗ್ತಾನೆ ಕುಯ್ದ ಕುರಿ ಹೊಟ್ಟೆ ರಸ ಬಿಸಿಯಾರದಂಗೆ ತಾ."

ಸಿರಾದ ಮಟನ್ ಅಂಗಡಿ ಭಾಯಿ ನಕ್ಕರು. "ಎಲ್ಲಾರೂ ಮಟನ್ ಕೇಳ್ತಾರೆ, ನೀನು ನಾನು ಚೆಲ್ಲೋದನ್ನ ಕೇಳ್ತೀಯಲ್ಲಜ್ಜಿ!"

"ನನ್ನ ಹಸ ಉಳೀಬೇಕು ಕಣಪ್ಪ, ಕೊಡು" ಅಂದೆ. ಕುರಿ ಹೊಟ್ಟೇಲಿದ್ದ ಮೇವನ್ನ ಹಿಂಡಿ, ರಸಾನ ನಾನು ತಂದಿದ್ದ ಫ್ಲಾಸ್ಕಿಗೆ ತುಂಬಿದರು.

ಬಸ್ಸಲ್ಲಿ ಮಡಿಲಲ್ಲಿದ್ದ ಫ್ಲಾಸ್ಕು ಗುಳುಗುಳು ಅಂತು. ಮುಚ್ಚಳ ತಾನಾಗೇ ಎದ್ದು, ಯಾರೋ ತೇಗಿದಂಗೆ ಸದ್ದಾಯ್ತು. ಪಕ್ಕದೋಳು "ಏನಮ್ಮ ಅದರೊಳಗೆ?" ಅಂದ್ಲು. ನಾನು ಮುಚ್ಚಳ ಅದುಮಿ ಹಿಡ್ಕಂಡೆ.

ಡಾಕ್ಟ್ರು ಒಂದು ತೊಟ್ಟು ನನಗೂ ತೋರಿಸಿದರು. ಮೈಯೆಲ್ಲ ರೋಮ ಇದ್ದ ಜೀವಗಳು ಗಡಿಬಿಡೀಲಿ ಓಡಾಡ್ತಿದ್ದವು. ಕುರಿ ಸತ್ತದ್ದನ್ನ ಅವಕ್ಕೆ ಯಾರೂ ಹೇಳಿರಲಿಲ್ಲ. ಬಿದಿರಿನ ಗೊಟ್ಟದಲ್ಲಿ ಆ ರಸಾನ ಗೌರಿಗೆ ಕುಡಿಸಿದೊ. ಮೂರನೇ ದಿನ ದವಡೆ ಅಲ್ಲಾಡ್ತು.

ಡಾಕ್ಟ್ರು ಪಾವಗಡಕ್ಕೆ ವರ್ಗವಾದರು. ಭಾಯಿ ಈಗಲೂ ಕಂಡಾಗ "ನಮ್ಮ ಕುರಿ ಹೆಂಗೈತೆ ಅಜ್ಜಿ?" ಅಂತಾರೆ. ಗೌರಿ ಎರಡು ಕರು ಹಾಕ್ತು. ಆ ಕುರೀನ ಯಾರೋ ಅವತ್ತೇ ಉಂಡು ಕೈ ತೊಳ್ಕಂಡ್ರು. ಅದರ ಹೊಟ್ಟೇಲಿದ್ದವು ಮಾತ್ರ ನಮ್ಮ ಕೊಟ್ಟಿಗೇಲಿ ಇನ್ನೂ ಮೇಯ್ತಾವೆ.