ಬೈರನ ಹೆಂಡತಿಯ ತವರಿನ ಹೆಸರು

ಸಿದ್ದಾಪುರದ ಕಡೆಯ ತ್ಯಾಗಲಿಯ ವೆಂಕಮ್ಮನಿಗೆ ಹುಟ್ಟಿದಾಗ ಇಟ್ಟ ಹೆಸರೇ ಉಳಿದದ್ದು ಅವಳು ಗಂಡನ ಮನೆಗೆ ಹೋಗದಿದ್ದುದರಿಂದ. ಒಬ್ಬಳೇ ಮಗಳೆಂದು ಅಪ್ಪ ಮನೆ ಅಳಿಯನನ್ನು ತಂದುಕೊಂಡಿದ್ದ. ಇಲ್ಲವಾದರೆ ಆ ಕಡೆಯ ಮನೆತನಗಳ ರೂಢಿಯೇ ಬೇರೆ: ಮದುಮಗಳು ಹೊಸಿಲು ದಾಟಿದ ದಿನವೇ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಯುವುದು, ಹಳೆಯದು ತವರಿನಲ್ಲೇ ಬಿದ್ದಿರುವುದು. ಗಂಡನೂರಿನಲ್ಲಿ ಅದನ್ನು ಯಾರಾದರೂ ಕೇಳಿದರೆ ತಾನೇ!

ಹಾಗೆ ಹೆಸರು ಬಿಟ್ಟು ಬಂದವಳು ವೆಂಕಮ್ಮನ ಮುತ್ತಜ್ಜಿ, ಬೈರಜ್ಜನ ಹೆಂಡತಿ ಗಿರಿಜಮ್ಮ. ಯಲ್ಲಾಪುರದ ಕಡೆಯವಳು ಎಂಬುದಷ್ಟೇ ಮನೆಯವರಿಗೆ ಗೊತ್ತಿತ್ತು. ಮದುವೆಯ ಮೇಲೆ ತವರಿನವರು ಕರೆಯಲು ಬರಲೇ ಇಲ್ಲ. ಕರೆಯದೆ ಹೋಗುವ ಹೆಣ್ಣು ಅವಳಲ್ಲ. ಹಟಮಾರಿ ಎಂದರೆ ಹಟಮಾರಿ! ಮಕ್ಕಳು, "ಅಲ್ಲಿ ನಿನ್ ಹೆಸರು ಎಂತದಿತ್ತೇ ಅಮ್ಮ?" ಎಂದರೆ, "ಕರಿಯಕ್ಕೆ ಬಂದೋರ ಬಾಯಲ್ಲೇ ಕೇಳ್ಕಳಿ" ಎನ್ನುವಳು. ಯಾರೂ ಬರಲಿಲ್ಲ. ಅವಳು ಬಾಯಿ ಬಿಡದೆಯೇ ಸತ್ತಳು.

ವೆಂಕಮ್ಮನ ಅಪ್ಪ ಈ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. "ಒಂದ್ ಸಲನಾದ್ರೂ ಅಜ್ಜಿನ ಆ ಹೆಸರು ಹಿಡಿದು ಕರೀಬೇಕಾಗಿತ್ತು ಮಗ" ಎನ್ನುತ್ತಲೇ ಅವನೂ ಹೋದ. ಈಗ ವೆಂಕಮ್ಮನಿಗೇ ಅರವತ್ತು ದಾಟಿದೆ, ಮಂಡಿ ಕೈಕೊಟ್ಟಿದೆ. ತಾನೂ ಹೋದರೆ ಆ ಮುದುಕಿಯನ್ನು ವಿಚಾರಿಸುವವರು ಯಾರೆಂಬ ಚಿಂತೆ ಅವಳನ್ನು ಹಿಡಿಯಿತು.

ಮಗ ಸುನೀಲ ಸಿದ್ದಾಪುರದಲ್ಲಿ ವಕೀಲರ ಗುಮಾಸ್ತ. ಅವನ ಬೆನ್ನು ಹತ್ತಿ, ಮುಂಬೈ ಸರ್ಕಾರದ ಕಾಲದ ಜನನ ಮರಣದ ಪುಸ್ತಕಗಳನ್ನು ಹುಡುಕಿಸಿದಳು. ಸಾಹೇಬರ ಕಾಲದ ಆ ಪುಣ್ಯಾತ್ಮರಿಗೆ ಎಮ್ಮೆ ಎತ್ತುಗಳ ಲೆಕ್ಕವೂ ಬೇಕಿತ್ತು, ಹೆಂಗಸಿನ ಹೆಸರೊಂದು ಬೇಡವಾಗಿತ್ತು! ತ್ಯಾಗಲಿಯ ಸಾವಿನ ಪಟ್ಟಿಯಲ್ಲಿ, "ಬೈರನ ಹೆಂಡತಿ. ತವರು ವಜ್ರಳ್ಳಿ." ಇಷ್ಟೇ.

"ಹೆಸರೇ ಇಲ್ಲ ಅಮ್ಮ" ಎಂದ ಸುನೀಲ, ಪೆಚ್ಚಾಗಿ.

"ಊರು ಸಿಕ್ತಲ್ಲ, ನಡಿ" ಎಂದಳು ವೆಂಕಮ್ಮ.

ತಾಯಿ ಮಗ ಶಿರಸಿಯಲ್ಲಿ ಬಸ್ಸು ಬದಲಿಸಿ ವಜ್ರಳ್ಳಿಗೆ ಹೋದರು. ಮನೆಮನೆಯಲ್ಲೂ ಅವಳದು ಒಂದೇ ಪ್ರಶ್ನೆ: "ಗಿರಿಜಮ್ಮ ಅಂತ ನಿಮ್ಮನೆ ಹೆಣ್ಣನ್ನ ಸಿದ್ದಾಪುರದ ಕಡೆ ಕೊಟ್ಟಿದ್ರಾ?" ಎಲ್ಲರೂ ಇಲ್ಲವೆಂದರು. ಕೊನೆಯ ಮನೆಯ ಯಜಮಾನ ಮಾಸ್ತಿ, ಎಂಬತ್ತರ ಮುದುಕ, ಬಾಯಾರಿಕೆಗೆ ಬೆಲ್ಲ ನೀರು ಕೊಟ್ಟು, "ಆ ಹೆಸರಿನೋರು ನಮ್ಮಲ್ಲಿ ಹುಟ್ಟೇ ಇಲ್ಲ ತಂಗಿ" ಎಂದ.

ಏಳಲು ಹೊರಟ ವೆಂಕಮ್ಮ ಹಣೆ ಬಡಿದುಕೊಂಡಳು. "ಅಯ್ಯೋ, ನನ್ ಬುದ್ಧಿಗಿಷ್ಟು ಬೆಂಕಿ ಬೀಳ! ಗಿರಿಜಮ್ಮ ಅನ್ನೋದು ನಾವಿಟ್ಟ ಹೆಸರಲ್ವಾ? ತವರಲ್ಲಿ ಯಾರಿಗೆ ಗೊತ್ತಿರ್ತದೆ?"

ಮಾಸ್ತಿ ಅವಳನ್ನೇ ದಿಟ್ಟಿಸಿದ. "ನಮ್ಮಜ್ಜನೂ ಇದೇ ತಪ್ಪು ಮಾಡಿದ್ನೇನೋ" ಎಂದ ಮೆಲ್ಲಗೆ.

ಅಜ್ಜನಿಗೊಬ್ಬಳು ತಂಗಿಯಿದ್ದಳಂತೆ. ಅವಳನ್ನು ಅಪ್ಪ ಒಬ್ಬನೇ ಕರೆದೊಯ್ದು, ಸಿದ್ದಾಪುರದ ಕಡೆ ಧಾರೆಯೆರೆದು ಬರುವ ದಾರಿಯಲ್ಲೇ ಜ್ವರ ಬಂದು ಸತ್ತ. ಕೊಟ್ಟ ಊರು ಯಾವುದೆಂದು ಗೊತ್ತಿದ್ದವನು ಅವನೊಬ್ಬನೇ. ಅಳಿಯನ ಹೆಸರು ಬೈರನೆಂದೇನೋ ಮನೆಯವರಿಗೆ ಗೊತ್ತಿತ್ತು, ಆದರೆ ಸಿದ್ದಾಪುರದ ಕಡೆ ಆಗ ಬೈರ ಮನೆಗೊಬ್ಬ! ಅಜ್ಜ ಊರೂರು ಅಲೆದು ತಂಗಿಯ ಹೆಸರು ಹೇಳಿ ಕೇಳಿದ. ಅಂಥವಳು ಯಾರೂ ಇಲ್ಲವೆಂದೇ ಎಲ್ಲರೂ ಹೇಳಿ ಕಳಿಸಿದರು.

"ಎಂತ ಹೆಸರು ಅವಳದ್ದು?" ವೆಂಕಮ್ಮ ಅವಸರದಿಂದ ಕೇಳಿದಳು.

"ಬೆಳ್ಳಿ. ದೀಪಾವಳಿ ಊಟಕ್ಕೆ ಮನೆ ಹೆಣ್ಮಕ್ಕಳ ಸಾಲಲ್ಲಿ ಅವಳಿಗೂ ಒಂದ್ ಎಲೆ ಹಾಕ್ತೇವೆ. ಬಾಗಿಲಿಗೆ ಬಂದು, 'ಬೆಳ್ಳೀ, ಊಟಕ್ಕೆ ಬಾರೇ' ಅಂತ ಕರಿಯೋದು. ಅಜ್ಜ ಕರೀತಿದ್ದ, ಅಪ್ಪ ಕರೀತಿದ್ದ. ಈಗ ನಾನು. ಈ ವರ್ಷನೂ ಕರ್ದಿದೀನಿ."

"ಆ ಬೈರ ನಮ್ ಮುತ್ತಜ್ಜ" ಎಂದಳು ವೆಂಕಮ್ಮ. ಕರೆಯಲು ಯಾರೂ ಬರಲಿಲ್ಲವೆಂದು ಅಲ್ಲೊಬ್ಬಳು ಸಾಯುವ ತನಕ ಮುನಿದು ಕೂತಿದ್ದಳು. ಇಲ್ಲಿ ತಲೆಮಾರು ಕಳೆದರೂ ಒಂದು ಮನೆ ಅವಳನ್ನು ಕರೆಯುವುದನ್ನು ನಿಲ್ಲಿಸಿರಲಿಲ್ಲ. ದೇವರೇ, ಇದೆಂಥ ಮನೆ!

"ಬದುಕಿ ಬಾಳಿದ್ಲಾ ಅವಳು? ಮಕ್ಕಳು ಮರಿ ಆದ್ವಾ?" ಮಾಸ್ತಿ ಕೇಳಿದ. "ನಮ್ಮಜ್ಜ ಅದೊಂದು ಗೊತ್ತಾಗದೆ ಸತ್ತ."

ವೆಂಕಮ್ಮ ಅವನ ಕಾಲು ಮುಟ್ಟಿದಳು. "ಆದ್ವು ಮಾವ. ನಾ ಬಂದಿದೀನಲ್ಲ."

ಮುದುಕ ಕಣ್ಣೊರೆಸಿಕೊಂಡು ಒಳಗೆ ಮುಖ ಮಾಡಿ ಕೂಗಿದ: "ಎಲೆ ಹಾಕ್ರೇ, ಬೆಳ್ಳಿ ಬಂದ್ಲು!"