ಪೇಟೆಬೀದಿಯ ಮೇಷ್ಟ್ರು

ಚಾಮರಾಜನಗರದಲ್ಲಿ ನಮ್ಮ ಎದುರುಮನೆಯ ಹಳೆಯ ಗೋಡೆಯನ್ನು ಮೊನ್ನೆ ಕೆಡವಿದರು. ದೂಳು ಅಡಗಲೆಂದು ನೀರು ಚಿಮುಕಿಸಿದಾಗ ಹಸಿಮಣ್ಣು, ಸುಣ್ಣದ ವಾಸನೆ ಕಿಟಕಿಯಿಂದ ಒಳಗೆ ಬಂತು. ಕೂಡಲೇ ನೆನಪಾದವರು ಗುಂಡ್ಲುಪೇಟೆಯ ನಮ್ಮ ಚರಿತ್ರೆ ಮೇಷ್ಟ್ರು...

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಪ್ಪನ ಟೈಲರ್ ಅಂಗಡಿ ಇದ್ದ ಬೀದಿಯಲ್ಲೇ ಅವರ ಮನೆ. ವಿಜಯನಗರದ ಪಾಠ ಬಂದರೆ ಅವರಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. "ಅಷ್ಟು ದೊಡ್ಡ ರಾಜಧಾನಿ ಒಂದೇ ಸಲಕ್ಕೆ ಹುಟ್ಲಿಲ್ಲ ಕಣ್ರೋ," ಎನ್ನುತ್ತಿದ್ದರು. ಮೊದಲು ಹೊಳೆದಂಡೆಯ ವಿರೂಪಾಕ್ಷನ ಗುಡಿ, ಅದರ ಸುತ್ತ ಊರು. ಆಮೇಲೆ ಕೃಷ್ಣಾಪುರ, ವಿಠಲಾಪುರ, ಅಚ್ಯುತಾಪುರ. ಒಂದೊಂದಕ್ಕೂ ಒಂದು ದೇವಸ್ಥಾನ, ಅದರೆದುರು ಅಗಲವಾದ ಪೇಟೆಬೀದಿ. ಆಚೆಗೆ ನಾಗಲಾಪುರ, ಅಂದರೆ ಈಗಿನ ಹೊಸಪೇಟೆ. ಬೀದಿ ಅಗಲವಾದರೆ ವ್ಯಾಪಾರ ತಾನಾಗಿ ಬರುತ್ತದೆಂದು ಅವರು ಮನಸಾರೆ ನಂಬಿದ್ದರು.

ಹಾಗಾಗಿಯೇ ನಮ್ಮ ರಸ್ತೆ ಅಗಲ ಮಾಡುವ ಮಾತು ಬಂದಾಗ ಅಂಗಡಿ ಅಂಗಡಿಗೆ ಹೋಗಿ ಒಪ್ಪಿಸಿದವರು ಅವರೇ. ಪುರಸಭೆಯವರು ಕಟ್ಟುವ ಹೊಸ ಕಟ್ಟಡದಲ್ಲಿ ಎಲ್ಲರಿಗೂ ಮಳಿಗೆ ಕೊಡುತ್ತಾರಂತೆ ಎಂದರು. ಅಪ್ಪ, "ನೀವು ಓದ್ದೋರು. ನೀವೇಳುದ್ರೆ ಸರಿ ಬುಡಿ," ಎಂದು ಒಪ್ಪಿಬಿಟ್ಟರು.

ಅಂಗಡಿಗಳು ಉರುಳಿದವು. ಮೇಷ್ಟ್ರ ಮನೆಯ ಮುಂಭಾಗವೂ ಹೋಯಿತು. ಕಟ್ಟಡವೇನೋ ಎದ್ದಿತು, ಮಳಿಗೆಗಳು ಮಾತ್ರ ಯಾರ‍್ಯಾರದೋ ಪಾಲಾದವು. ಪುರಸಭೆಗೆ ಕೇಳಲು ಹೋದ ಮೇಷ್ಟ್ರನ್ನು ಹೊರಗೇ ನಿಲ್ಲಿಸಿದರಂತೆ. ನಾವು ಹತ್ತಿರದ ಬೇಗೂರಿಗೆ ಬಂದೆವು. ಬಾಡಿಗೆ ಮನೆಯ ಜಗಲಿಯಲ್ಲಿ ಅಪ್ಪ ಮೆಷಿನ್ ಹಾಕಿಕೊಂಡರು.

ಒಂದು ಸಂಜೆ ಮೇಷ್ಟ್ರು ಅಲ್ಲಿಗೂ ಬಂದರು. "ನನ್ ಮನೆ ಮುಂದುಗಡೇನೂ ಹೋಯ್ತು ಕಣಪ್ಪ," ಎಂದರು.

ಅಪ್ಪ ತಲೆಯೆತ್ತಲಿಲ್ಲ. "ನಿಮ್ಗೆ ಸಂಬ್ಳ ಬತ್ತದೆ ಮೇಷ್ಟ್ರೇ. ನಮ್ಗೆ ಆ ಬೀದಿನೇ ಸಂಬ್ಳ."

ಮೇಷ್ಟ್ರು ಹೊರಟುಹೋದರು. ನಿವೃತ್ತರಾದ ಮೇಲೆ ತಮ್ಮ ಊರು ಭೀಮನಬೀಡು ಸೇರಿದರೆಂದು ಕೇಳಿದ್ದೆವು. ಕೆಲವು ವರ್ಷಗಳಲ್ಲೇ ಸಾವಿನ ಸುದ್ದಿ ಬಂತು. ಅಪ್ಪ ಮೆಷಿನ್ ನಿಲ್ಲಿಸಿ, "ಮಣ್ಗೆ ಓಗನ ನಡಿ ಕಣಮ್ಮಿ," ಎಂದರು. ಹೋದೆವು. ನಮ್ಮ ಬೀದಿಯಿಂದ ಬೇರೆ ಒಬ್ಬರೂ ಬಂದಿರಲಿಲ್ಲ. ಅಪ್ಪ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ, ಬಸ್ಸಿಗೆ ನಡೆದರು.

ಈಗ ಅಪ್ಪನೂ ಇಲ್ಲ. ಗುಂಡ್ಲುಪೇಟೆಯ ಆ ರಸ್ತೆ ನಿಜಕ್ಕೂ ಅಗಲವಾಗಿದೆ. ಊಟಿಗೆ, ಕೇರಳಕ್ಕೆ ಹೋಗುವ ಗಾಡಿಗಳು ನಿಲ್ಲದೆ ಓಡುತ್ತವೆ. ನಾನು ಹೋಗುವ ಬಸ್ಸೂ ಅಷ್ಟೇ... ನಿಂತರೂ, ಇಳಿದು ಮಾತಾಡಿಸಲು ಆ ಬೀದಿಯಲ್ಲಿ ನನಗೆ ಯಾರೂ ಉಳಿದಿಲ್ಲ.