ಕುರಿ ನೀರಿಗಿಳಿದ ಜಾಗ

ಉಜ್ಜಪ್ಪ ಸತ್ತು ಇನ್ನೂ ವರ್ಷವಾಗಿರಲಿಲ್ಲ. ಅವನ ಕೂಣಿ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿತ್ತು. ಕೂಣಿಯೆಂದರೆ ಮೇಲೂ ಕೆಳಗೂ ಬಾಯಿರುವ ಬಿದಿರಿನ ಬುಟ್ಟಿ. ಕೆಸರಿಗೆ ಊರಬೇಕು, ಮೇಲಿನಿಂದ ಕೈ ಹಾಕಿ ಒಳಗೆ ಸಿಕ್ಕ ಮೀನು ಹಿಡಿಯಬೇಕು. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಳಿದಾಗ ಸುತ್ತಲ ಜನರೆಲ್ಲ ಒಟ್ಟಿಗೆ ಕೆರೆಬೇಟೆಗೆ ಇಳಿಯುತ್ತಾರೆ. ಉಜ್ಜಪ್ಪ ಒಮ್ಮೆಯೂ ಬರಿಗೈಯಲ್ಲಿ ಬಂದವನಲ್ಲ. ಹೇಗೆ ಎಂದು ಕೇಳಿದರೆ, "ಅದ್ನೆಲ್ಲ ಹೇಳಂಗಿಲ್ಲ" ಎನ್ನುತ್ತಿದ್ದ. ಹೆಂಡತಿ ಗುತ್ಯಮ್ಮನಿಗೂ ಹೇಳಲಿಲ್ಲ. ಹೇಳದೆಯೇ ಹೋದ.

ಉಜ್ಜಪ್ಪನ ತಮ್ಮ ಪರಶುರಾಮ ತಾಳಗುಂದದಿಂದ ಬೈಕಿನಲ್ಲಿ ಬಂದು ಕೂಣಿ ಕೇಳಿದ. ಮನೆಯಲ್ಲಿ ಗಂಡಸರಿಲ್ಲ, ಸುಮ್ಮನೆ ಹುಳ ತಿನ್ನುತ್ತದೆ ಎಂದ. ಗುತ್ಯಮ್ಮ ಕೊಡಲಿಲ್ಲ. ಈ ಸಲ ಮೊಮ್ಮಗಳು ಅಶ್ವಿನಿ ಇಳಿಯುತ್ತಾಳೆ, ಮೀನು ಸಿಗದಿದ್ದರೆ ಒಯ್ಯಿ ಎಂದಳು. ಒಂಬತ್ತನೇ ಕ್ಲಾಸಿನ ಹುಡುಗಿ ಕೆಸರಲ್ಲಿ ಹೂತುಹೋದರೆ ಅವಳನ್ನೇ ಕೂಣಿ ಹಾಕಿ ಹಿಡಿಯಬೇಕಾದೀತು ಎಂದು ಅವನು ನಕ್ಕ.

ಅವತ್ತಿನಿಂದ ಗುತ್ಯಮ್ಮನ ತಲೆಯಲ್ಲಿ ಅದೊಂದೇ. ಕೂಣಿ ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲರ ಕೂಣಿಯ ಹಾಗೇ ಇತ್ತು. ಉಜ್ಜಪ್ಪ ಓಡುತ್ತಿರಲಿಲ್ಲ, ಅದು ನೆನಪಿತ್ತು. ಉಳಿದವರು ನಡುಗೆರೆಗೆ ನುಗ್ಗಿದರೆ ಅವನು ದಡದ ಹತ್ತಿರವೇ ನಿಲ್ಲುತ್ತಿದ್ದ. ಅದೂ ವರ್ಷಕ್ಕೊಂದು ಜಾಗದಲ್ಲಿ.

ಬೇಟೆಯ ದಿನ ಸೀಟಿ ಊದಿದೊಡನೆ ಅಶ್ವಿನಿಯೂ ನುಗ್ಗಿದಳು. ಹತ್ತಾರು ಕಡೆ ಊರಿದಳು. ಬರೀ ಕೆಸರು. ಪರಶುರಾಮ ಆಗಲೇ ಎರಡು ಮೀನು ಹಿಡಿದಿದ್ದ. ಹುಡುಗಿ ಸೋತು ಗುತ್ಯಮ್ಮ ನಿಂತಿದ್ದ ದಡಕ್ಕೆ ಬಂದಳು.

"ಅಜ್ಜಿ, ಅಜ್ಜ ನಿಂಗೆ ಏನೂ ಹೇಳ್ತಿರ್ಲಿಲ್ವಾ?"

"ಹೇಳೋದೆಲ್ಲಿ. ಕೇಳ್ತಿದ್ದ ಅಷ್ಟೆ. ಬ್ಯಾಸ್ಗಿ ಬಂತಂದ್ರೆ ದಿನಾ ಅದೇ, ಕುರಿ ಇವತ್ತು ಎಲ್ಲಿ ನೀರಿಗಿಳಿದ್ವು ಅಂತ."

ಹೇಳಿದವಳೇ ದಡದುದ್ದಕ್ಕೂ ಕಣ್ಣಾಡಿಸಿದಳು. ಕುರಿ ಕಾಯುತ್ತಿದ್ದವಳು ಅವಳು. ಮೇವಿದ್ದ ಕಡೆ ನೋಡಿ ವರ್ಷಕ್ಕೊಂದು ಜಾಗದಲ್ಲಿ ನೀರಿಗಿಳಿಸುತ್ತಿದ್ದಳು. ಅಷ್ಟು ಗೊರಸು ತುಳಿದರೆ ಕೆಸರು ಗುಂಡಿ ಬೀಳುತ್ತದೆ. ನಡುಗೆರೆ ಕಲಕಿದರೆ ಮೀನು ಬಂದು ಅವಿತುಕೊಳ್ಳುವುದು ಇನ್ನೆಲ್ಲಿ?

ಈ ಸಲ ಕುರಿ ಇಳಿದದ್ದು ಜಾಲಿಮರದ ನೇರಕ್ಕೆ. ಸೀರೆ ಎತ್ತಿ ಕಟ್ಟಿ ತಾನೂ ಇಳಿದು ಜಾಗ ತೋರಿಸಿದಳು. ಅಶ್ವಿನಿ ಊರಿದಳು. ಮೂರನೆಯ ಸಲಕ್ಕೆ ಒಳಗೆ ಏನೋ ಬಡಿಯಿತು. ಮೊಳದುದ್ದದ, ಮೀಸೆಯಿದ್ದ ಕಪ್ಪು ಮೀನು.

ಪರಶುರಾಮ ಕೆಸರಲ್ಲೇ ಓಡಿ ಬಂದ. "ಅತ್ಗೆ, ಹೆಂಗ್ ಸಿಕ್ತು?"

"ಅದ್ನೆಲ್ಲ ಹೇಳಂಗಿಲ್ಲ."

ಮನೆಗೆ ಬಂದು ಕೂಣಿ ತೊಳೆಯುವಾಗ ಗುತ್ಯಮ್ಮನಿಗೆ ಸಿಟ್ಟು ಬಂತು. ಮೂವತ್ತು ವರ್ಷ ಗಂಡ ಅವಳ ಮಾತು ಕೇಳಿಯೇ ಮೀನು ಹಿಡಿದ. ಒಂದು ಸಲ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕೂಣಿಯನ್ನು ಮತ್ತೆ ತೊಳೆದಳು. ಅದೇ ಗೂಟಕ್ಕೆ ಹಾಕಿದಳು.